ಸರಾಸರಿ ಮೂವತ್ತಾರು, ಬಡಿದದ್ದು ಐವತ್ತೊಂದು!

ಅಪಘಾತ ಆದ ಜಾಗಕ್ಕೆ ಯಾರೇ ಹೋಗಲಿ, ಮೊದಲು ಕಿವಿಗೆ ಬೀಳುವ ಮಾತು ಒಂದೇ. "ಜಾಸ್ತಿ ಸ್ಪೀಡ್ ಇರ್ಲಿಲ್ಲ ಸಾರ್, ನಲವತ್ತರ ಒಳಗೇ ಇದ್ದೆ. ಬ್ರೇಕೂ ಹಾಕ್ದೆ." ಡ್ರೈವರ್ ಹೀಗಂತಾನೆ. ಪಕ್ಕದ ಸೀಟಿನಲ್ಲಿದ್ದವನು ಹೂಂ ಅಂತಾನೆ. ಸುತ್ತ ಸೇರಿದ ಜನ ಎರಡು ಪಕ್ಷವಾಗ್ತಾರೆ. ಒಂದು ಪಕ್ಷ ಡ್ರೈವರಿಗೆ ನಾಲ್ಕು ಬಿಡಬೇಕು ಅನ್ನುತ್ತೆ, ಇನ್ನೊಂದು ಪಕ್ಷ ಅಡ್ಡ ಬಂದವನದ್ದೇ ತಪ್ಪು ಅನ್ನುತ್ತೆ. ರಸ್ತೆ ಮೇಲೆ ಕಪ್ಪಗೆ ಎಳೆದುಕೊಂಡು ಹೋಗಿರುವ ಟೈರಿನ ಗುರುತನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಯಾರ ಪಕ್ಷವನ್ನೂ ವಹಿಸದ ಸಾಕ್ಷಿ ಅಲ್ಲಿ ಅದೊಂದೇ.

"ನಲವತ್ತರ ಒಳಗೆ" ಅನ್ನುವ ಮಾತಿಗೆ ಒಂದು ವಿಚಿತ್ರ ಗುಣ ಇದೆ. ಲೆಕ್ಕ ಹಾಕಿ ನೋಡಿದರೆ ಕೆಲವು ಸಲ ಅದು ನಿಜವೇ ಆಗಿರುತ್ತೆ. ಆದರೂ ಅದರಷ್ಟು ದೊಡ್ಡ ಮೋಸ ಇನ್ನೊಂದಿಲ್ಲ. ಆ ಮೋಸ ಎಲ್ಲಿದೆ ಅಂತ ತಿಳಿಯೋಕೆ ಕಾಲೇಜು ಮೆಟ್ಟಿಲು ಹತ್ತಬೇಕಾಗಿಲ್ಲ. ಅಂಗಡಿ ಲೆಕ್ಕ ಬರೆಯುವವರಿಗೆ ಬರುವ ಕೂಡು, ಕಳೆ, ಭಾಗಾಕಾರ ಸಾಕು. ಮಂಡ್ಯ ಜಿಲ್ಲೆಯ ಉದ್ದಕ್ಕೂ ಹೆದ್ದಾರಿ ಹಾಯ್ದು ಹೋಗಿರುವಾಗ, ಅದರ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಊರಿನ ಜನ ಓಡಾಡುತ್ತಿರುವಾಗ, ಈ ಲೆಕ್ಕ ಪ್ರತಿಯೊಬ್ಬರಿಗೂ ಬಾಯಿಪಾಠ ಆಗಬೇಕಾಗಿದೆ.

ಮೂರು ಸೆಕೆಂಡಿನ ಲೆಕ್ಕ

ಒಂದು ಕಾರು ಒಣಗಿದ ಒಳ್ಳೆ ಟಾರು ರಸ್ತೆಯಲ್ಲಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರ್ತಾ ಇದೆ ಅಂತ ಇಟ್ಟುಕೊಳ್ಳಿ. 72 ಯಾಕೆ ಅಂದರೆ ಲೆಕ್ಕಕ್ಕೆ ಸಲೀಸು. ಸೆಕೆಂಡಿಗೆ ಸರಿಯಾಗಿ 20 ಮೀಟರ್ ಆಗುತ್ತೆ. ಡ್ರೈವರ್ ಬಲವಾಗಿ ಬ್ರೇಕ್ ತುಳಿದ. ಟೈರೂ ಸರಿಯಿದೆ, ಬ್ರೇಕೂ ಸರಿಯಿದೆ. ಕಾರು ಹೆಚ್ಚುಕಡಿಮೆ 3 ಸೆಕೆಂಡಿಗೆ ನಿಲ್ಲುತ್ತೆ. ಅಷ್ಟರಲ್ಲಿ 30 ಮೀಟರ್ ಓಡಿರುತ್ತೆ.

ಈಗ ಭಾಗಾಕಾರ ಮಾಡಿ. 30 ಮೀಟರಿಗೆ 3 ಸೆಕೆಂಡು. ಅಂದರೆ ಸೆಕೆಂಡಿಗೆ 10 ಮೀಟರ್. ಅಂದರೆ ಗಂಟೆಗೆ 36 ಕಿ.ಮೀ. ನೋಡಿ ಸ್ವಾಮಿ, ನಲವತ್ತರ ಒಳಗೆ ಬಂದೇ ಬಿಟ್ಟಿತು! ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ.

ತಪ್ಪಿರುವುದು ಅದಕ್ಕೆ ಇಟ್ಟ ಹೆಸರಿನಲ್ಲಿ. ಈ 36 ಅನ್ನುವುದು ಸರಾಸರಿ ವೇಗ. 72ರಿಂದ ಶುರುವಾಗಿ ಸೊನ್ನೆಗೆ ಇಳಿದ ವೇಗವನ್ನೆಲ್ಲ ಒಟ್ಟು ಮಾಡಿ ಹಂಚಿದಾಗ ಬಂದ ಅಂಕಿ. ವೇಗ ಒಂದೇ ಸಮನಾಗಿ ಇಳಿದು ಗಾಡಿ ನಿಂತರೆ, ಸರಾಸರಿ ಯಾವಾಗಲೂ ಶುರುವಿನ ವೇಗದ ಅರ್ಧ. ಹಾಗಾಗಿ ಬ್ರೇಕ್ ಗುರುತಿನ ಉದ್ದವನ್ನು ಸೆಕೆಂಡಿನಿಂದ ಭಾಗಿಸಿ ಯಾರಾದರೂ ಒಂದು ವೇಗ ಹೇಳಿದರೆ, ಅದನ್ನು ದುಪ್ಪಟ್ಟು ಮಾಡಿಯೇ ನಂಬಬೇಕು. ಗಾಡಿ ಗುರುತಿನ ಕೊನೆಯಲ್ಲಿ ತಾನಾಗಿ ನಿಲ್ಲದೆ ಯಾವುದಕ್ಕೋ ಗುದ್ದಿ ನಿಂತಿದ್ದರೆ, ಶುರುವಿನ ವೇಗ ಗುರುತಿನ ಲೆಕ್ಕಕ್ಕಿಂತಲೂ ಹೆಚ್ಚು ಇತ್ತು ಅಂತ ಅರ್ಥ.

ಗಾಡಿಯ ಮುಳ್ಳು ತೋರಿಸುವುದು ಬೇರೆ ವೇಗ. ಅದು ಆ ಗಳಿಗೆಯ ವೇಗ. ಪಠ್ಯಪುಸ್ತಕದ ಮಾತಿನಲ್ಲಿ ತತ್‌ಕ್ಷಣದ ವೇಗ. ಎರಡಕ್ಕೂ ಇರುವ ವ್ಯತ್ಯಾಸ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ವಾರದ ಸರಾಸರಿ ತೆಗೆದರೆ ದಿನಕ್ಕೆ ಎರಡು ಸಾವಿರ ವ್ಯಾಪಾರ. ಆದರೆ ಸಂತೆ ದಿನ ಎಂಟು ಸಾವಿರ, ಮಾರನೆ ದಿನ ಬೋಣಿಯೂ ಇಲ್ಲ. ಬೋಣಿ ಇಲ್ಲದ ದಿನ ಸಗಟು ಅಂಗಡಿಯವನು ಬಾಕಿಗೆ ಬಂದು ನಿಂತರೆ, ಅವನ ಕೈಗೆ ಸರಾಸರಿಯನ್ನು ಎಣಿಸಿ ಕೊಡೋಕಾಗುತ್ತಾ? ಗಲ್ಲಾದಲ್ಲಿ ಆಗ ಎಷ್ಟಿದೆಯೋ ಅಷ್ಟೇ. ರಸ್ತೆಯಲ್ಲೂ ಅಷ್ಟೇ. ಮನುಷ್ಯನಿಗೆ ಬಡಿಯುವುದು ಸರಾಸರಿ ಅಲ್ಲ, ಬಡಿದ ಗಳಿಗೆಯಲ್ಲಿ ಗಾಡಿಗೆ ಇದ್ದ ವೇಗ.

ಐದು, ಮೂರು, ಒಂದು

ಅದೇ ಕಾರಿನ ಮೂರು ಸೆಕೆಂಡನ್ನು ಬಿಡಿಸಿ ನೋಡಿದರೆ ಗುಟ್ಟು ಹೊರಗೆ ಬರುತ್ತೆ. ವೇಗ ಒಂದೊಂದು ಸೆಕೆಂಡಿಗೂ 24ರಂತೆ ಇಳಿಯುತ್ತೆ. 72, ಆಮೇಲೆ 48, ಆಮೇಲೆ 24, ಕೊನೆಗೆ ಸೊನ್ನೆ. ಇಳಿಕೆ ಸಮನಾಗಿದೆ. ಆದರೆ ಓಡಿದ ದೂರ ಸಮನಾಗಿಲ್ಲ. ಮೊದಲನೇ ಸೆಕೆಂಡಿನಲ್ಲೇ ಕಾರು 16 ಮೀಟರ್ 67 ಸೆಂಟಿಮೀಟರ್ ನುಂಗಿಬಿಡುತ್ತೆ. ಎರಡನೇ ಸೆಕೆಂಡಿನಲ್ಲಿ 10 ಮೀಟರ್. ಮೂರನೇ ಸೆಕೆಂಡಿನಲ್ಲಿ ಬರೀ 3 ಮೀಟರ್ 33 ಸೆಂಟಿಮೀಟರ್. ಪಾಲು ಹಾಕಿದರೆ 5, 3, 1.

ಇಟಲಿಯ ಗೆಲಿಲಿಯೊ 1638ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ, ಮೇಲಿನಿಂದ ಬೀಳುವ ವಸ್ತು ಸಮ ಸಮ ಹೊತ್ತಿನಲ್ಲಿ 1, 3, 5, 7 ಹೀಗೆ ದೂರ ಸಾಗುತ್ತೆ ಅಂತ ತೋರಿಸಿದ್ದ. ಬ್ರೇಕ್ ಹಾಕಿದ ಗಾಡಿ ಅದೇ ಮೆಟ್ಟಿಲನ್ನು ತಲೆಕೆಳಗಾಗಿ ಇಳಿಯುತ್ತೆ, ಅಷ್ಟೇ. ಮರದಿಂದ ಬೀಳುವ ತೆಂಗಿನಕಾಯಿಗೂ ನಿಲ್ಲೋಕೆ ಹೊರಟ ಕಾರಿಗೂ ಲೆಕ್ಕ ಒಂದೇ.

ಇದರಿಂದ ಏನಾಯಿತು ಅಂತ ನೋಡಿ. ಬ್ರೇಕ್ ಹಿಡಿದ ಜಾಗದಿಂದ 15 ಮೀಟರ್ ಆಚೆಗೆ, ಅಂದರೆ ಸರಿಯಾಗಿ ಅರ್ಧ ದಾರಿಯಲ್ಲಿ, ಒಬ್ಬ ಹುಡುಗ ಸೈಕಲ್ ತಳ್ಳಿಕೊಂಡು ನಿಂತಿದ್ದಾನೆ ಅಂದುಕೊಳ್ಳಿ. ಅರ್ಧ ದೂರ ಕಳೆಯಿತಲ್ಲ, ವೇಗವೂ ಅರ್ಧ ಆಗಿರಬೇಕು, 36ಕ್ಕೆ ಇಳಿದಿರಬೇಕು ಅನ್ನಿಸುತ್ತೆ. ಇಲ್ಲ. ಆ ಜಾಗದಲ್ಲಿ ಕಾರಿನ ವೇಗ 51! ಬ್ರೇಕು ಸೆಕೆಂಡಿಗೆ ಇಷ್ಟು ಅಂತ ವೇಗವನ್ನು ಕಳೆಯುತ್ತೆಯೇ ಹೊರತು ಮೀಟರಿಗೆ ಇಷ್ಟು ಅಂತ ಅಲ್ಲ. ವೇಗ ಜಾಸ್ತಿ ಇರುವಾಗ ಸೆಕೆಂಡು ಮುಗಿಯೋದರೊಳಗೆ ಮೀಟರುಗಳು ಖರ್ಚಾಗಿ ಹೋಗಿರುತ್ತವೆ.

ವೇಗ 36ಕ್ಕೆ ಇಳಿಯುವುದು ಯಾವಾಗ? 22 ಮೀಟರ್ 50 ಸೆಂಟಿಮೀಟರ್ ದಾಟಿದ ಮೇಲೆ. ನಾಲ್ಕರಲ್ಲಿ ಮೂರು ಪಾಲು ದಾರಿ ಮುಗಿದ ಮೇಲೆ ವೇಗ ಅರ್ಧ ಆಗುತ್ತೆ. ಉಳಿದ ಅರ್ಧ ವೇಗ ಕೊನೆಯ ಏಳೂವರೆ ಮೀಟರಿನಲ್ಲಿ ಕರಗುತ್ತೆ. ಬ್ರೇಕಿನ ಲಾಭ ಎಲ್ಲ ಕೊನೆಗೇ ಸಿಗೋದು. ಆ ಕೊನೆಯ ಏಳೂವರೆ ಮೀಟರ್ ಖಾಲಿ ಇದ್ದವನು ಪುಣ್ಯವಂತ.

ಬ್ರೇಕಿಗೆ ಮುಂಚಿನ ಇಪ್ಪತ್ತು ಮೀಟರ್

ಇಲ್ಲಿವರೆಗೆ ಹೇಳಿದ್ದು ಬ್ರೇಕ್ ಹಿಡಿದ ಮೇಲಿನ ಕಥೆ. ಅದಕ್ಕೂ ಮುಂಚೆ ಒಂದು ಕಥೆ ಇದೆ. ಕಣ್ಣಿಗೆ ಕಾಣಬೇಕು, ತಲೆಗೆ ಹೊಳೆಯಬೇಕು, ಕಾಲು ಎಕ್ಸಲರೇಟರ್ ಬಿಟ್ಟು ಬ್ರೇಕಿಗೆ ಬರಬೇಕು. ಎಚ್ಚರವಾಗಿರುವ ಡ್ರೈವರಿಗೂ ಇದಕ್ಕೆ ಒಂದು ಸೆಕೆಂಡು ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. ಆ ಒಂದು ಸೆಕೆಂಡು ಗಾಡಿಯ ವೇಗ ಒಂದಿಷ್ಟೂ ಇಳಿಯೋದಿಲ್ಲ. 72ರಲ್ಲಿ ಬರುವ ಕಾರು ಆಗಲೇ 20 ಮೀಟರ್ ಮುಂದಕ್ಕೆ ಬಂದಿರುತ್ತೆ. ಫೋನಿನಲ್ಲಿ ಮಾತಾಡ್ತಾ ಇನ್ನೊಂದು ಸೆಕೆಂಡು ತಡ ಮಾಡಿದರೆ 40 ಮೀಟರ್. ಎಚ್ಚರ ಇದ್ದವನಿಗೂ ಒಟ್ಟು ದೂರ 20 ಮತ್ತು 30, ಅಂದರೆ 50 ಮೀಟರ್.

ಅದೇ ಕಾರು 36ರಲ್ಲಿ ಬಂದಿದ್ದರೆ? ಕಾಲು ಬ್ರೇಕಿಗೆ ಬರೋಕೆ 10 ಮೀಟರ್, ನಿಲ್ಲೋಕೆ ಏಳೂವರೆ. ಒಟ್ಟು ಹದಿನೇಳೂವರೆ ಮೀಟರ್. ವೇಗ ಅರ್ಧ, ದೂರ ಮೂರರಲ್ಲಿ ಒಂದು ಪಾಲಿಗೆ ಹತ್ತಿರ.

ಇನ್ನೊಂದು ಲೆಕ್ಕ ಇದೆ. ಸ್ಟೇರಿಂಗ್ ಹಿಡಿಯುವವರೆಲ್ಲ ಇದನ್ನು ಒಂದು ಸಲ ಮನಸ್ಸಿನಲ್ಲಿ ಹಾಕಿ ನೋಡಬೇಕು. ಎರಡು ಕಾರು ಅಕ್ಕಪಕ್ಕ ಬರ್ತಿವೆ. ಒಂದು 54ರಲ್ಲಿ, ಇನ್ನೊಂದು 72ರಲ್ಲಿ. ಇಬ್ಬರೂ ಡ್ರೈವರುಗಳು ಒಂದೇ ಗಳಿಗೆಯಲ್ಲಿ ಮುಂದೆ ಮಗುವನ್ನು ಕಂಡರು, ಒಂದೇ ಸೆಕೆಂಡಿಗೆ ಒಂದೇ ಥರದ ಬ್ರೇಕ್ ಹಾಕಿದರು. 54ರ ಕಾರು 32 ಮೀಟರಿನಲ್ಲಿ ಮಗುವಿನ ಮುಂದೆ ಬಂದು ನಿಂತುಬಿಡುತ್ತೆ. ಅದೇ 32ನೇ ಮೀಟರಿನಲ್ಲಿ 72ರ ಕಾರಿನ ವೇಗ ಎಷ್ಟಿರುತ್ತೆ ಗೊತ್ತೆ? 56! ಒಂದು ಕಾರು ಪೂರ್ತಿ ನಿಂತ ಜಾಗದಲ್ಲಿ ಇನ್ನೊಂದು ಕಾರು, ಮೊದಲನೆಯದರ ಶುರುವಿನ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಹೋಗ್ತಾ ಇರುತ್ತೆ. ಶುರುವಿನಲ್ಲಿ ವ್ಯತ್ಯಾಸ ಇದ್ದದ್ದು ಬರೀ 18. ಮಗುವಿನ ಹತ್ತಿರ ಬರುವ ಹೊತ್ತಿಗೆ ಆ ವ್ಯತ್ಯಾಸ ಸೊನ್ನೆಗೂ 56ಕ್ಕೂ ಆಯಿತು. "ಸ್ವಲ್ಪ ಜಾಸ್ತಿ ಇತ್ತು ಅಷ್ಟೇ" ಅನ್ನುವವರು ಈ ಸ್ವಲ್ಪ ಯಾವ ಗಳಿಗೆಯದು ಅಂತ ಯೋಚನೆ ಮಾಡಲಿ.

ಮಳೆ ಬಂದರೂ ಸರಾಸರಿ ಅದೇ!

ಸರಾಸರಿಯ ಮೋಸ ಇನ್ನೂ ಒಂದು ಕಡೆ ಬಯಲಾಗುತ್ತೆ. ಮೊದಲ ಮಳೆ ಬಿದ್ದು ರಸ್ತೆ ಜಾರುತ್ತಿದೆ, ಇಲ್ಲವೆ ಟೈರು ಬೋಳಾಗಿದೆ. ರಸ್ತೆಯ ಹಿಡಿತ ಅರ್ಧಕ್ಕೆ ಇಳಿಯಿತು ಅಂತ ಇಟ್ಟುಕೊಳ್ಳಿ. 72ರ ಕಾರು ಈಗ ನಿಲ್ಲೋಕೆ 3 ಸೆಕೆಂಡಿನ ಬದಲು 6 ಸೆಕೆಂಡು, 30 ಮೀಟರಿನ ಬದಲು 60 ಮೀಟರ್. 60ನ್ನು 6ರಿಂದ ಭಾಗಿಸಿ. ಮತ್ತೆ ಸೆಕೆಂಡಿಗೆ 10 ಮೀಟರ್, ಗಂಟೆಗೆ 36! ರಸ್ತೆ ಒಣಗಿರಲಿ ನೆನೆದಿರಲಿ, ಟೈರು ಹೊಸದಿರಲಿ ಬೋಳಿರಲಿ, ಸರಾಸರಿ ಅಲ್ಲಾಡೋದೇ ಇಲ್ಲ. ಜೀವ ಉಳಿಸುವ 30 ಮೀಟರ್ ಮಾತ್ರ ಮಾಯವಾಗಿರುತ್ತೆ.

ಮಂಡ್ಯ ಸೀಮೆಯವರಿಗೆ ಈ ಮೀಟರುಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಎಷ್ಟೋ ರಸ್ತೆಗಳ ಪಕ್ಕದಲ್ಲೇ ನಾಲೆ ಹರಿಯುತ್ತೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು, ಶಾಲಾ ಮಕ್ಕಳೂ ಸೇರಿ 30 ಜನ ಜಲಸಮಾಧಿಯಾದದ್ದನ್ನು ಜಿಲ್ಲೆ ಮರೆತಿಲ್ಲ. ತಡೆಗೋಡೆ ಇಲ್ಲದ ನಾಲೆ ಏರಿಯ ಮೇಲೆ ಗಾಡಿಯನ್ನು ಹಿಡಿದು ನಿಲ್ಲಿಸೋಕೆ ಇರುವುದು ಮುಂದಿನ ಖಾಲಿ ರಸ್ತೆ ಒಂದೇ. ಅದು ಎಷ್ಟು ಮೀಟರ್ ಇದೆ ಅಂತ ನೋಡಿಕೊಂಡೇ ಎಕ್ಸಲರೇಟರ್ ಒತ್ತಬೇಕು.

ಕಬ್ಬಿನ ಟ್ರ್ಯಾಕ್ಟರಿನ ವಿಷಯವೂ ಹಾಗೇ. ಕತ್ತಲಲ್ಲಿ ಹಿಂದಿನ ಕೆಂಪು ದೀಪವಿಲ್ಲ, ರೇಡಿಯಂ ಪಟ್ಟಿಯಿಲ್ಲ, ಟ್ರೇಲರ್ ತುಂಬ ಕಬ್ಬು ಹೇರಿಕೊಂಡು 18ರ ವೇಗದಲ್ಲಿ ತೆವಳುತ್ತಿರುವ ಟ್ರ್ಯಾಕ್ಟರ್ ಹಿಂದೆ 72ರಲ್ಲಿ ಕಾರು ಬಂದರೆ, ಗುದ್ದದೆ ಉಳಿಯೋಕೆ ಮಧ್ಯೆ 32 ಮೀಟರ್ ಅಂತರ ಬೇಕು. ಟ್ರ್ಯಾಕ್ಟರ್ ಕೆಟ್ಟು ನಿಂತಿದ್ದರೆ 50 ಮೀಟರ್ ಬೇಕು. ಐವತ್ತು ಮೀಟರ್ ದೂರದಿಂದಲೇ ಕಣ್ಣಿಗೆ ಬೀಳದ ಟ್ರೇಲರನ್ನು ರಸ್ತೆ ಮಧ್ಯೆ ಬಿಡುವುದೂ ಒಂದೇ, ಬಾವಿ ತೋಡಿ ಬಾಯಿ ತೆರೆದು ಬಿಡುವುದೂ ಒಂದೇ. ಒಂದು ರೇಡಿಯಂ ಪಟ್ಟಿಗೆ ಆಗುವ ಖರ್ಚು ಏನು ಮಹಾ?

ಹೆದ್ದಾರಿ ಇಳಿದವರ ಕಣ್ಣಿನ ಮಂಪರು

ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿಯವರು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಬಂದು ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದ್ ಆಯಿತು. ವೇಗದ ಗಾಡಿಗಳ ನಡುವೆ ನಿಧಾನದ ಗಾಡಿ ಇದ್ದರೆ ಅಪಾಯ ಅನ್ನುವ ಕಾರಣ ಸರಿಯೇ. ಆದರೆ ಪರಿಣಾಮ ಏನಾಯಿತು? ಬೈಕಿನವರು, ಆಟೋದವರು, ಕಬ್ಬಿನ ಟ್ರ್ಯಾಕ್ಟರಿನವರು, ಊರೂರಿಗೆ ನಿಲ್ಲುವ ಬಸ್ಸಿನವರು, ಆ ಬಸ್ಸಿಗೆ ಕಾಯುವವರು, ಎಲ್ಲರೂ ಸರ್ವಿಸ್ ರಸ್ತೆಗೆ ಬಂದು ಬಿದ್ದರು. ಹೆದ್ದಾರಿಯಿಂದ ಇಳಿಯುವ ಕಾರುಗಳೂ ಅಲ್ಲಿಗೇ ಬರುತ್ತವೆ.

ಅರ್ಧ ಗಂಟೆ 100ರಲ್ಲಿ ಓಡಿಸಿದವನ ಕಣ್ಣಿಗೆ ಒಂದು ಥರ ಮಂಪರು ಹತ್ತಿರುತ್ತೆ. ಅವನು 60ಕ್ಕೆ ಇಳಿಸಿದರೆ ತೆವಳುತ್ತಾ ಇದ್ದೇನೆ ಅನ್ನಿಸುತ್ತೆ. ಇದು ಹೊಸಬರಿಗೂ ಆಗುತ್ತೆ, ಹಳೇ ಹುಲಿಗಳಿಗೂ ಆಗುತ್ತೆ. ಅದಕ್ಕೇ ಹೆದ್ದಾರಿ ಇಳಿದ ಮೇಲೆ ಅಂದಾಜನ್ನು ನಂಬಬಾರದು, ಮುಳ್ಳನ್ನು ನೋಡಬೇಕು. ಸರ್ವಿಸ್ ರಸ್ತೆಯ ಅಂಗಡಿ ಮುಂದೆ ಬೆಲ್ಲ ಇಳಿಸಿಕೊಳ್ಳುತ್ತಾ ಬೆನ್ನು ಹಾಕಿ ನಿಂತವನಿಗೆ ನಿಮ್ಮ ಅಂದಾಜಿನಿಂದ ಏನೂ ಆಗಬೇಕಾಗಿಲ್ಲ.

ಕ್ಯಾಮೆರಾ ಕಂಡ ಕೂಡಲೆ ಬ್ರೇಕ್ ಹಾಕಿ, ದಾಟಿದ ಕೂಡಲೆ ಮತ್ತೆ ಒತ್ತುವ ಚಾಲಾಕಿಗಳಿದ್ದಾರೆ. ಕ್ಯಾಮೆರಾ ನೋಡುವುದು ಆ ಗಳಿಗೆಯ ವೇಗವನ್ನು. ಅದರ ಆಚೆ ಈಚೆ ನಡೆದದ್ದು ಅದಕ್ಕೆ ಕಾಣೋದಿಲ್ಲ. ಹಾಗಾದರೆ ಎರಡು ಜಾಗದ ನಡುವೆ ಹಿಡಿದ ಹೊತ್ತನ್ನು ಅಳೆದು ಸರಾಸರಿ ತೆಗೆದರೆ ಕಳ್ಳ ಸಿಕ್ಕಿಬೀಳುತ್ತಾನಾ? ಕೆಲವರು ಸಿಗ್ತಾರೆ. ಸ್ಕಾಟ್ಲೆಂಡಿನ ಎ-9 ಹೆದ್ದಾರಿಯಲ್ಲಿ 2014ರಿಂದ ಅಂಥ ಕ್ಯಾಮೆರಾಗಳಿವೆ. ಆದರೆ ಅಲ್ಲೂ ತೂತಿದೆ. 10 ಕಿ.ಮೀ. ದಾರಿಯಲ್ಲಿ 8 ಕಿ.ಮೀ. 120ರಲ್ಲಿ ಹೋದರೆ 4 ನಿಮಿಷ. ಉಳಿದ 2 ಕಿ.ಮೀ. 60ರಲ್ಲಿ ಹೋದರೆ 2 ನಿಮಿಷ. ಒಟ್ಟು 10 ಕಿ.ಮೀ.ಗೆ 6 ನಿಮಿಷ, ಸರಾಸರಿ ಸರಿಯಾಗಿ 100! ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿಯೂ 100. ಕಾಗದದ ಮೇಲೆ ಮಹಾಶಯ ಸಂಭಾವಿತ. ಹಾಗಾಗಿ ಎರಡು ಥರದ ಕಾವಲೂ ಬೇಕು. ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮ ಬಂತು. ಒಳ್ಳೆಯದೇ. 100ರಲ್ಲಿ ಬರುವ ಕಾರಿಗೆ ನಿಲ್ಲೋಕೆ ಸುಮಾರು 86 ಮೀಟರ್ ಸಾಕಾದರೆ 130ರಲ್ಲಿ ಬರುವುದಕ್ಕೆ 134 ಮೀಟರ್ ಬೇಕು. ಆದರೆ ಊರಿನ ಜನ ನಡೆದಾಡುವುದು 130ರ ರಸ್ತೆಯಲ್ಲಲ್ಲ. ಅವರಿಗೆ 50, 60, 70ರ ವೇಗವೇ ಯಮ.

ಬಸ್ಸಿನ ಟೈಮು, ಪ್ರಯಾಣಿಕರ ಅವಸರ

ಬಸ್ಸಿನ ಮಾತು ಬೇರೆ. ಬಸ್ಸಿನೊಳಗೆ ಕಂಬಿ ಹಿಡಿದು ನಿಂತವರಿರ್ತಾರೆ, ಮಗು ಎತ್ತಿಕೊಂಡ ಹೆಣ್ಣುಮಕ್ಕಳಿರ್ತಾರೆ. ಕಾರಿನ ಹಾಗೆ ಗಬಕ್ಕನೆ ಬ್ರೇಕ್ ತುಳಿದರೆ ಅರ್ಧ ಬಸ್ಸು ಡ್ರೈವರ್ ಬೆನ್ನ ಮೇಲೆ ಬೀಳುತ್ತೆ. ಜನ ಮುಗ್ಗರಿಸದ ಹಾಗೆ ನಿಧಾನವಾಗಿ ಹಿಡಿದರೆ, 54ರಲ್ಲಿ ಬರುವ ಬಸ್ಸು ನಿಲ್ಲೋಕೆ 10 ಸೆಕೆಂಡು, 75 ಮೀಟರ್ ಬೇಕಾಗುತ್ತೆ. ಸಾಲದ್ದಕ್ಕೆ ಬಸ್ಸು ಲಾರಿಗಳಿಗೆ ಏರ್ ಬ್ರೇಕು. ಪೆಡಲ್ ತುಳಿದ ಮೇಲೆ ಕೊಳವೆಯಲ್ಲಿ ಗಾಳಿ ಓಡಿ ಹಿಂದಿನ ಚಕ್ರ ಹಿಡಿಯೋಕೆ ಇನ್ನೊಂದಿಷ್ಟು ಹೊತ್ತು ಬೇಕು. "ಬಸ್ಸು ದೂರ ಇದೆ, ನಿಲ್ಲಿಸ್ತಾನೆ ಬಿಡು" ಅಂತ ಅಡ್ಡ ಓಡುವವರು ಇದನ್ನು ನೆನಪಿಡಬೇಕು. ಡ್ರೈವರ್ ಕೆಟ್ಟವನಲ್ಲ, ಅವನ ಕಾಲ ಕೆಳಗಿನ ಲೆಕ್ಕ ಗಟ್ಟಿಯಾಗಿದೆ.

ಹಾಗಿದ್ದರೂ ಬಸ್ಸು ಯಾಕೆ ಹಾರುತ್ತೆ? ಟೈಮು! ದಿನಾ ಓಡಾಡುವವರಿಗೆ ಗೊತ್ತಿರುವ ರೋಗ ಇದು. ಟೈಮ್ ಶೀಟಿನಲ್ಲಿ ಬರೆಯುವುದು ಸರಾಸರಿ ವೇಗ. ಈ ಊರಿನಿಂದ ಆ ಊರಿಗೆ ಇಷ್ಟು ಕಿಲೋಮೀಟರ್, ಇಷ್ಟು ನಿಮಿಷ, ಮುಗಿಯಿತು. ಸಂತೆ ದಿನ ಹತ್ತು ನಿಮಿಷ ಜನ ಹತ್ತಿಸಿದ್ದು, ರೈಲ್ವೆ ಗೇಟಿನಲ್ಲಿ ನಿಂತದ್ದು ಆ ಶೀಟಿನಲ್ಲಿ ಇರೋದಿಲ್ಲ. ನಿಂತ ನಿಮಿಷಗಳನ್ನು ಡ್ರೈವರ್ ಓಡುವ ನಿಮಿಷಗಳಲ್ಲಿ ಕದಿಯಬೇಕು. ಕಾಗದದ ಮೇಲೆ 30ರ ಸರಾಸರಿ ಉಳಿಸೋಕೆ ರಸ್ತೆಯ ಮೇಲೆ 70 ಮುಟ್ಟಬೇಕಾಗುತ್ತೆ. ಹಿಂದಿನ ಬಸ್ಸು ಮುಂದೆ ಹೋಗಿ ಸ್ಟಾಪಿನ ಜನರನ್ನು ಗುಡಿಸಿಕೊಂಡು ಹೋದರೆ ಕಲೆಕ್ಷನ್ ಇಲ್ಲ, ಮಾಲೀಕನ ಹತ್ತಿರ ಬೈಗುಳ. ಶೀಟು ಬರೆಯುವವರು ಬೇಸಿಗೆ ಮಧ್ಯಾಹ್ನದ ಖಾಲಿ ರಸ್ತೆಯನ್ನಲ್ಲ, ಸಂತೆ ದಿನದ ಸಂಜೆಯನ್ನು ನೋಡಿ ಬರೆಯಲಿ.

ಪ್ರಯಾಣಿಕರದ್ದೂ ತಪ್ಪಿದೆ. "ಸ್ವಲ್ಪ ಬೇಗ ಬಿಡಣ್ಣ, ಎತ್ತಿನ ಗಾಡಿ ಆಯ್ತಲ್ಲ" ಅನ್ನುವ ಕೂಗು ಹಿಂದಿನ ಸೀಟಿನಿಂದಲೇ ಬರುತ್ತೆ. ಆ ಬೇಗದಿಂದ ಸಿಗುವುದೆಷ್ಟು? ಊರೊಳಗಿನ 2 ಕಿ.ಮೀ.ಯನ್ನು 54ರ ಬದಲು 72ರಲ್ಲಿ ಹೋದರೆ ಉಳಿಯುವುದು 33 ಸೆಕೆಂಡು. ಒಂದು ಬೀಡಿ ಹಚ್ಚೋಕೆ ಸಾಲದ ಹೊತ್ತು. ಶಾಲೆ ಮುಂದಿನ 300 ಮೀಟರನ್ನು 60ರ ಬದಲು 30ರಲ್ಲಿ ದಾಟಿದರೆ ಕಳೆದುಕೊಳ್ಳುವುದು 18 ಸೆಕೆಂಡು. ಬರೀ ಹದಿನೆಂಟು. ಬಸ್ ಸ್ಟ್ಯಾಂಡಿನಲ್ಲಿ ಚಿಲ್ಲರೆಗೆ ಜಗಳ ಆಡೋಕೆ ಇದರ ಹತ್ತರಷ್ಟು ಹೊತ್ತು ಹೋಗುತ್ತೆ.

ಅಧಿಕಾರಿಗಳ ಮೇಜಿನ ಮೇಲಿರುವ ಕೆಲಸ

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅದರಲ್ಲಿ ನೂರಕ್ಕೆ 71 ಸಾವು ಅತಿವೇಗದ ಲೆಕ್ಕಕ್ಕೆ ಸೇರಿವೆ. 32,825 ಜನ ಗಾಡಿಯಲ್ಲೇ ಇರಲಿಲ್ಲ, ನಡೆದು ಹೋಗುತ್ತಿದ್ದವರು. ರಸ್ತೆಯ ಒಟ್ಟಾರೆ ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದರೆ ಸಾವಿನ ಅಪಾಯ ನೂರಕ್ಕೆ ನಾಲ್ಕು ಪಾಲು ಏರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಂದಕ್ಕೆ ನಾಲ್ಕು! ಯಾವ ಮೀಟರ್ ಬಡ್ಡಿಯವನೂ ಇಷ್ಟು ವಸೂಲಿ ಮಾಡೋದಿಲ್ಲ.

ಇನ್ನು ಕಾನೂನು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ಪ್ರಕಾರ ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ ಕಾರಿಗೆ 70, ಬಸ್ಸು ಲಾರಿಗೆ 60, ಬೈಕಿಗೆ 60, ಆಟೋಗೆ 50 ಗರಿಷ್ಠ. ಗಮನಿಸಿ ಸ್ವಾಮಿ. ಮೇಲಿನ ಲೆಕ್ಕದಲ್ಲಿ ಅರ್ಧ ದಾರಿಯಲ್ಲಿ ನಿಂತ ಹುಡುಗನಿಗೆ 51ರಲ್ಲಿ ಬಡಿದ ಕಾರು, ಊರೊಳಗೆ ಕಾನೂನು ಬಿಟ್ಟಿರುವ ಮೇಲ್ಮಿತಿಗಿಂತ ಬರೀ 2 ಹೆಚ್ಚಿನ ವೇಗದಲ್ಲಿತ್ತು! ಆದರೆ ಇದು ಮೇಲ್ಮಿತಿ ಮಾತ್ರ. ಜನಸಂದಣಿಯ ರಸ್ತೆಗಳಲ್ಲಿ ಅದನ್ನು ಇಳಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲೇ ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ಇದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ದೇಶಗಳ ಮಂತ್ರಿಗಳ ಸಮ್ಮೇಳನ, ನಡೆಯುವವರೂ ಸೈಕಲಿನವರೂ ಗಾಡಿಗಳೂ ಬೆರೆಯುವ ಕಡೆ 30ರ ಮಿತಿ ಇರಲಿ ಅಂತ ಘೋಷಣೆ ಮಾಡಿತು. 30ರಲ್ಲಿ ಬರುವ ಕಾರು ಕಾಲು ಬ್ರೇಕಿಗೆ ಬರುವ ಸೆಕೆಂಡೂ ಸೇರಿ 14 ಮೀಟರಿನೊಳಗೆ ನಿಲ್ಲುತ್ತೆ. ಅದೇ ಲೆಕ್ಕದಲ್ಲಿ 72ರ ಕಾರಿಗೆ 50 ಮೀಟರ್.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ, ಹೆದ್ದಾರಿ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂರುವ ಸಭೆ ಅದು. ಕೇಳುತ್ತಿರುವುದು ಚಂದ್ರಲೋಕವನ್ನಲ್ಲ. ಶಾಲೆ, ಆಸ್ಪತ್ರೆ, ಮಾರುಕಟ್ಟೆ, ಬಸ್ ಸ್ಟಾಪುಗಳ ಮುಂದೆ 30ರ ಮಿತಿಯನ್ನು ಬರೀ ಬೋರ್ಡಿನಲ್ಲಲ್ಲ, ಅಧಿಸೂಚನೆಯಲ್ಲೇ ತನ್ನಿ. ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಕಡೆ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಫಲಕ, ಪಟ್ಟಿ ಹಾಕಿಸಿ. ಹಂಪ್ ಹಾಕಿದ ಕಡೆ ಬಿಳಿ ಬಣ್ಣ ಬಳಿಯಿರಿ. ಬಣ್ಣವಿಲ್ಲದ ಹಂಪಿನಿಂದ ಬೈಕಿನವರೇ ಬೀಳೋದು. ನಾಲೆ ಏರಿಗಳಿಗೆ ತಡೆಗೋಡೆ ಕಟ್ಟಿ. ಕಬ್ಬು ಅರೆಯುವ ಕಾಲದಲ್ಲಿ ದೀಪ, ರೇಡಿಯಂ ಇಲ್ಲದ ಟ್ರೇಲರನ್ನು ಕಾರ್ಖಾನೆ ಗೇಟಿನಲ್ಲೇ ತಡೆಯಿರಿ. ಅಪಘಾತದ ಜಾಗದಲ್ಲಿ ಟೇಪು ಹಿಡಿದು ಟೈರಿನ ಗುರುತನ್ನು ತಪ್ಪದೆ ಅಳೆಸಿ, ಫೋಟೋ ತೆಗೆಸಿ. ಎಬಿಎಸ್ ಇರುವ ಗಾಡಿಗಳಲ್ಲಿ ಗುರುತು ತೆಳ್ಳಗೆ ಬೀಳುತ್ತೆ, ಮಳೆಗೆ ಅಳಿಸಿ ಹೋಗೋದರೊಳಗೆ ಈ ಕೆಲಸ ಆಗಬೇಕು. ಸತ್ತವನ ಹೆಂಡತಿ ಮಕ್ಕಳು ಪರಿಹಾರಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ, "ನಲವತ್ತರ ಒಳಗೆ" ಅನ್ನುವ ಮಾತಿನ ಎದುರು ಅವರ ಕೈಯಲ್ಲಿ ಉಳಿಯುವುದು ಆ ಅಳತೆಯ ಚೀಟಿ.

ಈ ಕೆಲಸಗಳಿಗೆ ಕೋಟಿಗಟ್ಟಲೆ ಸುರಿಯಬೇಕಾದದ್ದು ತಡೆಗೋಡೆಗೆ ಮಾತ್ರ. ಉಳಿದದ್ದಕ್ಕೆ ಬಣ್ಣ, ಬೋರ್ಡು, ಒಂದು ಸಹಿ, ಒಂದು ಟೇಪು ಸಾಕು. ಸಮಿತಿಯ ಮುಂದಿನ ಸಭೆಯಲ್ಲಿ "ಕಳೆದ ವರ್ಷಕ್ಕೆ ಹೋಲಿಸಿದರೆ ಸರಾಸರಿ ಕಮ್ಮಿಯಾಗಿದೆ" ಅಂತ ಯಾರಾದರೂ ಅಂಕಿಅಂಶ ಓದೋಕೆ ಎದ್ದು ನಿಂತರೆ, ಅವರನ್ನು ಒಂದು ಪ್ರಶ್ನೆ ಕೇಳಿ ಕೂರಿಸಬೇಕು: ಶಾಲೆ ಬಿಡುವ ಹೊತ್ತಿಗೆ, ಶಾಲೆ ಗೇಟಿನ ಮುಂದೆ, ಗಾಡಿಗಳ ಮುಳ್ಳು ಎಷ್ಟರಲ್ಲಿರುತ್ತೆ? ಅದನ್ನು ಅಳೆದು ತಂದ ಮೇಲೆ ಸಭೆ ಮುಂದುವರಿಯಲಿ.